ಡ್ಯೂಟಿಗೆ ವಾಪಸ್ ಹೋಗೋಕೆ ಎಷ್ಟು ಮುಂಚೆ ಬೇಬಿ ಸಿಟ್ಟಿಂಗ್ ಹಿಡೀಬೇಕು? ಮೈಸೂರಿನ ಅಮ್ಮಂದಿರು ದಯವಿಟ್ಟು ಹೇಳಿ

ಬೋಗಾದಿ ಅಮ್ಮ:
ಎಲ್ರಿಗೂ ನಮಸ್ಕಾರ. ನನ್ ಮಗೂಗೆ ಮೂರು ತಿಂಗಳು ತುಂಬ್ತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂಗೆ ಕೆಲ್ಸ, ಬೆಳಗ್ಗೆ ಎಂಟೂವರೆಗೆ ಪಂಚ್ ಆಗ್ಬೇಕು. ಹೆರಿಗೆಗೆ ನಾಲ್ಕು ವಾರ ಮುಂಚೆನೇ ರಜೆ ತಗೊಂಡಿದ್ರಿಂದ ಇನ್ನು ಎರಡು ತಿಂಗಳಿಗೆ ವಾಪಸ್ ಹೋಗ್ಬೇಕು, ಅಂದ್ರೆ ಮಗೂಗೆ ಆಗ ಐದು ತಿಂಗಳು. ಅಮ್ಮ ಹುಣಸೂರಲ್ಲಿ ಇದಾರೆ, ಬಾಣಂತನ ಮುಗಿಸಿ ಹೋದ್ರು, ಅಪ್ಪಂಗೆ ಹುಷಾರಿಲ್ಲ ಹಾಗಾಗಿ ಮತ್ತೆ ಬಂದು ಇರೋಕಾಗಲ್ಲ. ಅತ್ತೆಗೆ ಮಂಡಿನೋವು, ಕೂಸು ಎತ್ಕೊಂಡು ನಿಂತ್ಕೊಳೋದೇ ಕಷ್ಟ. ನಮ್ಮನೆಯಿಂದ ಎರಡು ಕ್ರಾಸ್ ದಾಟಿದ್ರೆ ಒಬ್ಬ ಆಂಟಿ ಮನೇಲೇ ಬೇಬಿ ಸಿಟ್ಟಿಂಗ್ ಮಾಡ್ತಾರೆ, ಹೋಗಿ ಕೇಳ್ದೆ, ಒಂದು ವರ್ಷದೊಳಗಿನ ಮಗೂಗೆ ಒಂದೇ ಒಂದು ಜಾಗ ಇದೆ ಇನ್ನೊಬ್ರೂ ಕೇಳಿದಾರೆ, ಬೇಕು ಅಂದ್ರೆ ಈಗಿಂದ ತಿಂಗಳಿಗೆ ಅರ್ಧ ಫೀಸು ಕೊಟ್ಟು ಹಿಡಿದಿಟ್ಕೊಳಿ ಅಂತಿದಾರೆ. ಮಗೂನ ಕಳಿಸೋಕೆ ಮುಂಚೆನೇ ದುಡ್ಡು ಕೊಡೋದು ಸರೀನಾ? ಇಷ್ಟು ಮುಂಚೆ ಬೇಕಾ ಅಂತ ಮನೇಲಿ ಕೇಳ್ತಿದಾರೆ. ನಿಮ್ಮನುಭವ ಹೇಳಿ, ಏನೇನು ಕೇಳ್ಬೇಕು ಏನೇನು ನೋಡ್ಬೇಕು ಅಂತಾನೂ ಹೇಳಿ.

ಎರಡು ಮಕ್ಕಳ ತಾಯಿ, ವಿಜಯನಗರ:
ಮುಂಚೆ ಅಲ್ಲ ಕಣ್ರೀ, ಸರಿಯಾದ ಟೈಮು ಇದು. ನಿಜ ಹೇಳ್ಬೇಕು ಅಂದ್ರೆ ಏಳನೇ ತಿಂಗಳ ಬಸುರಲ್ಲೇ ಹುಡುಕೋಕೆ ಶುರು ಮಾಡಿದ್ರೆ ಇನ್ನೂ ಆರಾಮು. ತುಂಬಾ ಜನ ಹೆರಿಗೆ ರಜೆ 26 ವಾರ ಅಂದ್ರೆ ಆರು ತಿಂಗಳು ಇದೆಯಲ್ಲ ಅಂತ ನಿರಾಳವಾಗಿರ್ತಾರೆ, ಆದ್ರೆ ಆ 26 ವಾರ ಲೆಕ್ಕ ಹಾಕೋದು ನೀವು ರಜೆ ಹಾಕಿದ ದಿನದಿಂದ, ಹೆರಿಗೆಯಾದ ದಿನದಿಂದ ಅಲ್ಲ. ಹೆರಿಗೆಗೆ ಮುಂಚೆ 8 ವಾರದವರೆಗೂ ತಗೋಬಹುದು, ಪೂರ್ತಿ ತಗೊಂಡೋರಿಗೆ ಆಮೇಲೆ ಉಳಿಯೋದು 18 ವಾರ, ಕೂಸಿಗೆ ನಾಲ್ಕು ತಿಂಗಳು ಆಗಿರುತ್ತೆ ಅಷ್ಟೇ, ಕತ್ತು ಸರಿಯಾಗಿ ನಿಂತಿರುತ್ತೆ ಅಷ್ಟರಲ್ಲಿ ಡ್ಯೂಟಿ. ಮೂರನೇ ಮಗು ಆದ್ರೆ ಒಟ್ಟು 12 ವಾರನೇ. ಅದಕ್ಕೇ ಮೊದಲು ಕ್ಯಾಲೆಂಡರ್ ತಗೊಂಡು ವಾಪಸ್ ಹೋಗೋ ತಾರೀಕು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಮಗು ಒಗ್ಗಿಕೊಳ್ಳೋಕೆ ಎರಡು ವಾರ ಬಿಡಿ, ಅದಕ್ಕೂ ಹಿಂದೆ ಏನಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಬೇರೆ ಕಡೆ ಹುಡುಕೋಕೆ ಒಂದು ತಿಂಗಳು ಬಿಡಿ. ನಿಮ್ಮ ಎರಡು ತಿಂಗಳಲ್ಲಿ ಉಳಿದಿದ್ದೆಷ್ಟು ನೋಡಿ.

ಅರ್ಧ ಫೀಸು ಕೊಡಿ. ಆದ್ರೆ ಬಾಯಿ ಮಾತಲ್ಲಿ ಬೇಡ, ಒಂದು ಹಾಳೇಲಿ ಬರ್ಕೊಳಿ, ಯಾವತ್ತಿಂದ ಕಳಿಸ್ತೀವಿ, ಎಷ್ಟೊತ್ತಿಂದ ಎಷ್ಟೊತ್ತು, ಆ ದುಡ್ಡು ಮೊದಲ ತಿಂಗಳ ಫೀಸಿಗೆ ಸೇರುತ್ತಾ ಇಲ್ವಾ, ಅವರು ನಡುವೆ ಬೇಡ ಅಂದ್ರೆ ವಾಪಸ್ ಕೊಡ್ತಾರಾ, ಅಷ್ಟು ಸಾಕು.

ಶಿಫ್ಟ್ ನರ್ಸ್:
ನಾನು ಒಪ್ಪಲ್ಲ, ಎರಡು ತಿಂಗಳು ಸುಮ್ಮನೆ ಅರ್ಧರ್ಧ ಕೊಡೋ ಬದಲು ಅದೇ ದುಡ್ಡು ಸೇರಿಸಿ ಮನೆಗೇ ಬರೋ ಆಯಾ ನೋಡ್ಕೊಳಿ. ನಂದು ಆಸ್ಪತ್ರೆ ಕೆಲ್ಸ, ಶಿಫ್ಟ್ ಬದಲಾಗ್ತಾನೇ ಇರುತ್ತೆ, ಬೇಬಿ ಸಿಟ್ಟಿಂಗ್‌ನೋರು ಸಂಜೆ ಆರಕ್ಕೆ ಬಾಗಿಲು ಹಾಕ್ತಾರೆ, ನಂಗೆ ಅದು ಆಗೋ ಮಾತೇ ಅಲ್ಲ. ಮಗು ಅದರ ತೊಟ್ಟಿಲಲ್ಲೇ ಮಲಗುತ್ತೆ, ಬೇರೆ ಮಕ್ಕಳ ನೆಗಡಿ ಅಂಟಲ್ಲ. ಈಗ 2023ರಿಂದ ಶಕ್ತಿ ಯೋಜನೇಲಿ ಬಸ್ ಫ್ರೀ ಆದ್ಮೇಲೆ ಇಲವಾಲ, ವರುಣ, ನಂಜನಗೂಡು ಕಡೆಯಿಂದೆಲ್ಲ ಹೆಂಗಸ್ರು ಮೈಸೂರಿಗೆ ಕೆಲಸಕ್ಕೆ ಬರೋದು ಸುಲಭ ಆಗಿದೆ, ಮುಂಚೆ ಬಸ್ ಚಾರ್ಜಿಗೇ ಸಂಬಳದಲ್ಲಿ ಒಂದು ಪಾಲು ಹೋಗ್ತಿತ್ತು ಅಂತ ದೂರದೋರು ಒಪ್ತಿರ್ಲಿಲ್ಲ. ಸೇವಾಸಿಂಧುನಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಿ, ಆಧಾರ್ ಕಾಪಿ ಇಟ್ಕೊಳಿ, ಅವರ ಊರಿಗೆ ಒಂದ್ಸಲ ಹೋಗಿ ಮನೆಯೋರನ್ನ ಮಾತಾಡಿಸಿ ಬನ್ನಿ, ಅದೇ ದೊಡ್ಡ ವೆರಿಫಿಕೇಶನ್ನು.

ಎರಡು ಮಕ್ಕಳ ತಾಯಿ, ವಿಜಯನಗರ:
ಸಿಸ್ಟರ್, ನಿಮ್ ಶಿಫ್ಟಿಗೆ ಅದೇ ಸರಿ. ಆದ್ರೆ ಮನೇಲಿ ಬೇರೆ ಯಾರೂ ಇಲ್ದೇ ಐದು ತಿಂಗಳ ಕೂಸನ್ನ ಒಬ್ಬರ ಕೈಲೇ ಬಿಟ್ಟು ಹೋಗೋದು ನಂಗೆ ಧೈರ್ಯ ಸಾಲಲ್ಲ. ಅತ್ತೆ ಮನೇಲಿ ಇರ್ತಾರೆ, ಎತ್ತೋಕಾಗಲ್ಲ ಆದ್ರೆ ಕಣ್ಣಿಟ್ಟಿರ್ತಾರೆ ಅಂದ್ರೆ ಆಗ ಆಯಾ ಒಳ್ಳೇದು. ಬೋಗಾದಿಯೋರೇ, ನಿಮ್ಮತ್ತೆ ನಿಮ್ ಜೊತೇಲೇ ಇರ್ತಾರಾ?

ಬೋಗಾದಿ ಅಮ್ಮ:
ಇಲ್ಲ, ಮೈದುನನ ಮನೆ ಶ್ರೀರಂಗಪಟ್ಟಣದಲ್ಲಿ, ಅಲ್ಲೇ ಇರೋದು. ಹಬ್ಬಕ್ಕೆ ಬರ್ತಾರೆ.

ಸರಸ್ವತಿಪುರಂನಲ್ಲಿ ಮಕ್ಕಳು ನೋಡ್ಕೊಳ್ಳೋಳು:
ನಾನು ಮನೇಲಿ ಬೇಬಿ ಸಿಟ್ಟಿಂಗ್ ನಡೆಸ್ತೀನಿ, ಬಹಳ ವರ್ಷದಿಂದ. ನಮ್ ಕಡೆಯಿಂದಾನೂ ಸ್ವಲ್ಪ ಕೇಳಿ.

ಎರಡು ಮೂರು ವರ್ಷದ ಮಗೂನ ಇನ್ನೊಂದು ಸೇರಿಸ್ಕೊಳಿ ಅಂದ್ರೆ ಸೇರಿಸ್ಕೊಬಹುದು, ಆಡ್ಕೊತವೆ, ತಟ್ಟೆ ಮುಂದಿಟ್ರೆ ತಿಂತವೆ, ಒಂದನ್ನ ನೋಡಿ ಇನ್ನೊಂದು ಮಲಗುತ್ತೆ. ಕೈಕೂಸು ಹಾಗಲ್ಲ. ಒಂದು ಹತ್ತೂವರೆಗೆ ಮಲಗಿತು ಅಂದ್ರೆ ಅಷ್ಟೊತ್ತಿಗೆ ಇನ್ನೊಂದು ಏಳುತ್ತೆ, ಹಾಲು ಬೆಚ್ಚಗೆ ಮಾಡೋಕೆ ನೀರು ಇಡೋವಾಗ್ಲೂ ಸೊಂಟದ ಮೇಲೆ ಒಂದು ಇರುತ್ತೆ. ಸಹಾಯಕ್ಕೆ ಒಬ್ಬಳು ಇದ್ರೂ ಒಂದು ವರ್ಷದೊಳಗಿನ ಕೂಸು ಎರಡರ ಮೇಲೆ ನಾನು ತಗೊಳಲ್ಲ, ಎಷ್ಟು ಫೀಸು ಕೊಡ್ತೀನಿ ಅಂದ್ರೂ ತಗೊಳಲ್ಲ. ಹಾಗಾಗಿ ದೊಡ್ಡ ಮಕ್ಕಳಿಗೆ ಜಾಗ ಇದ್ರೂ ಕೂಸಿಗೆ ಇರಲ್ಲ, ಅದು ಹುಡುಕೋರಿಗೆ ಗೊತ್ತಾಗಲ್ಲ. ಯಾವಾಗ ಖಾಲಿ ಆಗುತ್ತೆ ಅಂದ್ರೆ, ಇರೋ ಕೂಸು ನಡೆಯೋಕೆ ಶುರು ಮಾಡಿ ದೊಡ್ಡೋರ ಗುಂಪಿಗೆ ಸೇರ್ದಾಗ, ಇಲ್ಲಾ ಜೂನ್‌ನಲ್ಲಿ ಶಾಲೆ ಶುರುವಾಗಿ ದೊಡ್ಡವು ಒಂದೆರಡು ಬಿಟ್ಟು ಹೋದಾಗ. ಜೂನ್ ಆಸುಪಾಸಲ್ಲಿ ಬೇಕಾದೋರಿಗೆ ಎಲ್ಲಾದ್ರೂ ಸಿಗುತ್ತೆ. ನವೆಂಬರ್ ಜನವರಿಗೆ ಬೇಕು ಅಂದೋರು ಮಾತ್ರ ಮೊದಲೇ ಹೇಳಿಟ್ಟಿರ್ಬೇಕು.

ಇನ್ನು ಹಿಡಿದಿಡೋ ದುಡ್ಡು. ಒಬ್ರು ಬರ್ತೀನಿ ಅಂತ ಹೇಳಿ ಹೋಗ್ತಾರೆ, ಅವರಿಗೋಸ್ಕರ ಬೇರೆ ಬಂದೋರಿಗೆ ಇಲ್ಲ ಅಂತೀನಿ, ಆಮೇಲೆ ಅವರು ಅತ್ತೆ ಒಪ್ಪಿದ್ರು ಅಂತ ಒಂದು ಫೋನೂ ಮಾಡಲ್ಲ. ಆ ತಿಂಗಳು ನನ್ ಸಹಾಯದೋಳಿಗೆ ಸಂಬಳ ನಾನೇ ಕೊಡ್ಬೇಕಲ್ವಾ. ಅರ್ಧ ಅನ್ನೋದು ಜಾಸ್ತಿ ಅಲ್ಲ, ಆದ್ರೆ ಎರಡು ತಿಂಗಳಿಗೆ ಕೊಡೋದಾದ್ರೆ ಕೊನೇ ಎರಡು ವಾರ ಮಗೂನ ಕರ್ಕೊಂಡು ಬಂದು ಒಗ್ಗಿಸ್ಕೊಳೋಕೆ ಬಿಡಿ ಅಂತ ಕೇಳಿ, ನ್ಯಾಯವಾಗಿ ಬಿಡ್ಬೇಕು. ಬಿಡಲ್ಲ ಅಂದ್ರೆ ಅಲ್ಲಿ ಬೇಡ.

ನೋಡೋಕೆ ಹೋಗೋದಾದ್ರೆ ಹೇಳಿ ಹೋಗ್ಬೇಡಿ, ಹನ್ನೆರಡು ಹನ್ನೆರಡೂವರೆ ಹೊತ್ತಿಗೆ ಹೋಗಿ. ಊಟದ ಹೊತ್ತು, ಎಲ್ಲಾ ಮಕ್ಕಳೂ ಹಸಿದು ನಿದ್ದೆಗಣ್ಣಲ್ಲಿ ಇರ್ತವೆ, ಆಗ ನೋಡ್ಕೊಳ್ಳೋರ ದನಿ ಹೇಗಿರುತ್ತೆ ಕೇಳಿಸ್ಕೊಳಿ. ಗೇಟಿಗೆ ಒಳಗಿಂದ ಚಿಲಕ ಇದೆಯಾ. ಸಂಪಿನ ಮುಚ್ಚಳ ನೋಡಿ, ಇದನ್ನ ಯಾರೂ ನೋಡಲ್ಲ, ನಮ್ಮೂರಲ್ಲಿ ಎಲ್ಲಾ ಮನೆ ಮುಂದೆನೂ ಸಂಪ್ ಇರುತ್ತೆ, ಕಾವೇರಿ ನೀರು ಬಿಟ್ಟ ದಿನ ತೆಗೆದಿಟ್ಟು ಮರೀತಾರೆ. ಬೀಗ ಇರೋ ಮುಚ್ಚಳ ಆಗಿರ್ಬೇಕು. ಬಚ್ಚಲಲ್ಲಿ ಬಕೆಟ್ ತುಂಬಿಟ್ಟಿದಾರಾ ನೋಡಿ, ತೆವಳೋ ಮಗೂಗೆ ಅದೂ ಅಪಾಯನೇ. ಕೂಸನ್ನ ಅಂಗಾತ ಮಲಗಿಸ್ತಾರಾ ಕವುಚಿ ಮಲಗಿಸ್ತಾರಾ, ಅಂಗಾತ ಮಲಗಿಸ್ಬೇಕು. ಟಿವಿ ಹಾಕೋದೇ ತಪ್ಪು ಅಂತ ನಾನು ಹೇಳಲ್ಲ, ಎಲ್ಲಾ ಮಕ್ಕಳೂ ಅದರ ಮುಂದೆ ಕೂತಿದ್ರೆ ಮಾತ್ರ ತಿರುಗಿ ಬನ್ನಿ.

ಬೋಗಾದಿ ಅಮ್ಮ:
ತುಂಬಾ ತುಂಬಾ ಥ್ಯಾಂಕ್ಸ್ ಅಮ್ಮಾ. ಸಂಪು ನಂಗೆ ಹೊಳ್ದೇ ಇರ್ಲಿಲ್ಲ. ನಾಳೆ ನಾಡಿದ್ದರಲ್ಲೇ ಮಧ್ಯಾಹ್ನ ಹೋಗ್ತೀನಿ. ಜ್ವರ ಬಂದ್ರೆ ಕಳಿಸ್ಬೋದಾ ಅನ್ನೋದೂ ಹೇಳಿ.

ಸರಸ್ವತಿಪುರಂನಲ್ಲಿ ಮಕ್ಕಳು ನೋಡ್ಕೊಳ್ಳೋಳು:
ಜ್ವರ, ವಾಂತಿ ಭೇದಿ ಇದ್ರೆ ಕಳಿಸ್ಬೇಡಿ, ಬೇರೆ ಕೂಸೂ ಇರುತ್ತಲ್ವಾ. ಇಂಜೆಕ್ಷನ್ ಹಾಕ್ಸಿದ ದಿನ ಮನೇಲೇ ಇಟ್ಕೊಂಡ್ರೆ ಒಳ್ಳೇದು, ರಗಳೆ ಮಾಡುತ್ತೆ, ಅಮ್ಮನೇ ಬೇಕು ಅನ್ಸುತ್ತೆ ಅದಕ್ಕೆ. ತಾಯಿ ಕಾರ್ಡಿನ ಜೆರಾಕ್ಸ್ ನಾನು ಎಲ್ರತ್ರಾನೂ ಇಸ್ಕೊಂಡು ಇಟ್ಕೊತೀನಿ, 9 ತಿಂಗಳಿಗೆ ದಡಾರದ್ದು ಹಾಕ್ಸಿದಾರಾ ನೋಡೋಕೆ. ಔಷಧಿ ಕೊಡೋದಾದ್ರೆ ಎಷ್ಟು ಎಂಎಲ್ಲು ಎಷ್ಟೊತ್ತಿಗೆ ಅಂತ ಬರೆದು ಕಳಿಸ್ಬೇಕು, ಫೋನಲ್ಲಿ ಹೇಳಿದ್ರೆ ನಾನು ಕೊಡಲ್ಲ.

ಮಂಡ್ಯ ಟೀಚರ್:
ನಮ್ಮ ಮಂಡ್ಯದಲ್ಲಿ ಇಷ್ಟೊಂದು ಬೇಬಿ ಸಿಟ್ಟಿಂಗ್ ಇಲ್ಲ ಬುಡಿ, ವಿದ್ಯಾನಗರ ಸುಭಾಷ್‌ನಗರ ಕಡೆ ಅಲ್ಲೊಂದು ಇಲ್ಲೊಂದು ಸಿಗ್ತವೆ. ಗೌರ್ಮೆಂಟ್ ಕೆಲ್ಸದಲ್ಲಿರೋ ಅಮ್ಮಂದಿರು ಇಲ್ಲಿ ಓದ್ತಿದ್ರೆ ಒಂದ್ ಮಾತು, 180 ದಿನದ ಹೆರಿಗೆ ರಜೆ ಅಲ್ದೆ 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ 6 ತಿಂಗಳ ಚೈಲ್ಡ್ ಕೇರ್ ಲೀವ್ ಅಂತ ಆದೇಶ ಮಾಡೈತೆ. ತುಂಬಾ ಜನ ಅದನ್ನ ಕೇಳೋದೇ ಇಲ್ಲ. ಹಳ್ಳಿ ಕಡೆ ಇರೋರು ಪಂಚಾಯ್ತೀಲಿ ಕೂಸಿನ ಮನೆ ಐತಾ ವಿಚಾರಿಸಿ, ನರೇಗಾ ಕೂಲಿಗೆ ಹೋಗೋ ತಾಯಂದ್ರಿಗೆ ಅಂತ ಶುರುವಾಗಿದ್ದು, ಮೂರು ವರ್ಷದೊಳಗಿನ ಮಕ್ಕಳನ್ನ ನೋಡ್ಕೊತಾರೆ. ಅಂಗನವಾಡಿಗೆ ಪಾಠಕ್ಕೆ ಅಂತ ಕಳಿಸೋದು ಮೂರು ತುಂಬಿದ ಮೇಲೇನೇಯ, ಕೈಕೂಸಿಗೆ ಅದು ಆಗಲ್ಲ, ಅದನ್ನ ನಂಬ್ಕೊಂಡು ಕೂರ್ಬೇಡಿ.

ನಮ್ಮ ಅತ್ತಿಗೆ ಪ್ರೈವೇಟ್ ಕಂಪ್ನೀಲಿ ಇರೋದು, ಅವರು ಕ್ರಷ್, ಅಂದ್ರೆ ಕೆಲಸದ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಜಾಗ, ಐತಾ ಅಂತ ಕೇಳಿದ್ರೆ ಎಚ್ಆರ್‌ನೋರು ನೋಡೋಣ ನೋಡೋಣ ಅಂತಾವ್ರೆ.

ಎಚ್ಆರ್‌ನಲ್ಲೇ ಇರೋನು, ಹೂಟಗಳ್ಳಿ:
ಅದು ನೋಡೋಣ ಅನ್ನೋ ವಿಷಯ ಅಲ್ಲ ಮೇಡಂ. 2017ರಲ್ಲಿ ರಜೆ 12 ವಾರದಿಂದ 26 ವಾರ ಆದಾಗ್ಲೇ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಕ್ರಷ್ ಇರ್ಬೇಕು ಅನ್ನೋ ನಿಯಮಾನೂ ಬಂತು. ಆಫೀಸ್ ಒಳಗೇ ಕಟ್ಬೇಕು ಅಂತಿಲ್ಲ, ಅಕ್ಕಪಕ್ಕದ ಕಂಪನಿಗಳು ಸೇರಿ ಕಾಮನ್ ಆಗಿ ಮಾಡಿದ್ರೂ ನಡೆಯುತ್ತೆ. ತಾಯಿ ದಿನಕ್ಕೆ 4 ಸಲ ಹೋಗಿ ಮಗೂನ ನೋಡ್ಬಹುದು. 50 ಅಂದ್ರೆ ಹೆಂಗಸ್ರು 50 ಅಲ್ಲ, ಒಟ್ಟು ಉದ್ಯೋಗಿಗಳು, ಇದನ್ನ ಬೇಕಂತಾನೇ ತಪ್ಪು ಹೇಳೋರೂ ಇದಾರೆ. ಇನ್ನೊಂದು, ಮಗೂಗೆ 15 ತಿಂಗಳು ಆಗೋವರೆಗೂ ಮಾಮೂಲಿ ರೆಸ್ಟ್ ಬಿಟ್ಟು ದಿನಕ್ಕೆ ಎರಡು ನರ್ಸಿಂಗ್ ಬ್ರೇಕ್, ಅಂದ್ರೆ ಮಗೂಗೆ ಹಾಲು ಕುಡಿಸೋಕೆ ಬಿಡುವು, ಇದೆ. ಮನೆಯಿಂದ ಮಾಡಬಹುದಾದ ಕೆಲಸ ಆದ್ರೆ ರಜೆ ಮುಗಿದ ಮೇಲೂ ಸ್ವಲ್ಪ ಕಾಲ ವರ್ಕ್ ಫ್ರಮ್ ಹೋಮ್ ಕೇಳ್ಬಹುದು, ಅದು ಮಾತ್ರ ಎರಡೂ ಕಡೆ ಒಪ್ಪಿದ್ರೆ. ಎಲ್ಲಾನೂ ಮೇಲ್‌ನಲ್ಲಿ ಕೇಳಿ, ರಜೆ ಮುಗಿಯೋ ವಾರ ಅಲ್ಲ, ಈಗಲೇ. ಮೊದಲೇ ಗೊತ್ತಿದ್ರೆ ನಾವೂ ಮ್ಯಾನೇಜರ್ ಹತ್ರ ಮಾತಾಡಿ ಶಿಫ್ಟ್ ಸರಿಮಾಡ್ಬಹುದು, ಭಾನುವಾರ ರಾತ್ರಿ ಫೋನ್ ಮಾಡಿದ್ರೆ ಏನ್ ಮಾಡೋಕಾಗುತ್ತೆ ಹೇಳಿ.

ಗೋಕುಲಂ ಅಜ್ಜಿ:
ಇಷ್ಟೆಲ್ಲ ಯಾಕೆ, ಅಜ್ಜಿ ಇದ್ರೆ ಅಜ್ಜೀನೇ ನೋಡ್ಕೊಳ್ಳಿ ಅಂತ ಹೇಳೋಕೆ ಬಂದೆ, ಆದ್ರೆ ಅದರಲ್ಲೂ ಒಂದು ವಿಷಯ ಇದೆ, ಹೇಳ್ತೀನಿ. ಮಗಳ ಮಗೂನ ನಾನೇ ನೋಡ್ಕೊತಿರೋದು, ನಂಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ. ಆದ್ರೆ ನಮ್ಮನ್ನ ಯಾರೂ ಕೇಳಲ್ಲ, ಅಮ್ಮ ಇದಾರಲ್ಲ ಅಂತ ಅವರವರೇ ತೀರ್ಮಾನ ಮಾಡ್ಕೊಂಡುಬಿಡ್ತಾರೆ. ಹೊರಗಿನೋರತ್ರ ಟೈಮು ಫೀಸು ರಜೆ ಎಲ್ಲಾ ಮಾತಾಡ್ತೀರಲ್ಲ, ಅಜ್ಜಿ ಹತ್ರಾನೂ ಹಾಗೇ ಕೂತು ಮಾತಾಡಿ. ಬೆಳಗ್ಗೆ ಎಷ್ಟೊತ್ತಿಗೆ ಬರ್ಬೇಕು, ಅವರ ಬಿಪಿ ಮಾತ್ರೆ ಡಾಕ್ಟ್ರು ಯಾವಾಗ, ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗ್ಬೇಕು ಅಂದ್ರೆ ಅವತ್ತು ಯಾರು, ಬಟ್ಟೆ ಒಗೆಯೋಕೆ ಪಾತ್ರೆಗೆ ಒಬ್ಬರನ್ನ ಇಡ್ತೀರಾ. ಅರವತ್ತು ದಾಟಿದೋರಿಗೆ ದಿನಕ್ಕೆ ಹತ್ತು ಗಂಟೆ ಕೂಸು ಎತ್ಕೊಳೋದು ಪ್ರೀತಿ ಇದ್ರೂ ಕಷ್ಟಾನೇ. ನನ್ ಮಗಳು ಬಸುರಿ ಇದ್ದಾಗ್ಲೇ ಕೂರಿಸ್ಕೊಂಡು ಇದನ್ನೆಲ್ಲ ಕೇಳಿದ್ಲು, ಅದಕ್ಕೇ ಇವತ್ತಿಗೂ ನಮ್ಮಿಬ್ಬರ ನಡುವೆ ಒಂದು ಮಾತು ಬಂದಿಲ್ಲ. ಬೋಗಾದಿ ಮಗೂ, ನಿಮ್ಮತ್ತೆ ಎತ್ತೋಕಾಗಲ್ಲ ಅಂತ ಬಿಟ್ಬಿಡ್ಬೇಡ, ವಾರಕ್ಕೊಂದಿನ ಸಂಜೆ ಆಂಟಿ ಮನೆಯಿಂದ ಕರ್ಕೊಂಡ್ಬಂದು ನೀನು ಬರೋವರೆಗೂ ಕೂತಿರೋಕೆ ಅವರೂ ಖುಷೀಲಿ ಒಪ್ಬಹುದು, ಕೇಳು.

ಚಾಮುಂಡಿ ಎಕ್ಸ್‌ಪ್ರೆಸ್ ಅಪ್ಪ:
ಅಪ್ಪಂದಿರ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡೋನು, ಬೆಳಗ್ಗೆ ಮಗು ಏಳೋಕೆ ಮುಂಚೆ ಮನೆ ಬಿಡ್ತೀನಿ. ನಾವು ಮಾಡಿದ್ದೇನಂದ್ರೆ ನನ್ ವರ್ಷದ ರಜೇನ ಹೆರಿಗೆ ಟೈಮಲ್ಲಿ ಪೂರ್ತಿ ಖರ್ಚು ಮಾಡ್ದೆ ಒಂದು ವಾರ ಉಳಿಸ್ಕೊಂಡ್ವಿ, ಅವಳು ಡ್ಯೂಟಿಗೆ ಸೇರಿದ ಮೊದಲನೇ ವಾರ ನಾನು ಮನೇಲಿದ್ದೆ. ಮಗೂನ ಬಿಟ್ಟು ಬರೋದು ಕರ್ಕೊಂಡ್ ಬರೋದು ನಾನೇ. ಮಗು ಅತ್ರೆ ಅವರು ನಂಗೆ ಫೋನ್ ಮಾಡ್ತಿದ್ರು, ಅವಳಿಗಲ್ಲ, ಅವಳು ಮೀಟಿಂಗಲ್ಲಿ ನೆಮ್ಮದಿಯಾಗಿ ಕೂರೋ ಹಾಗಾಯ್ತು. ಫಾರಂನಲ್ಲಿ ಅಮ್ಮನ ನಂಬರ್ ಒಂದೇ ಬರೆದುಬಿಡ್ತಾರೆ, ಅಪ್ಪಂದೂ, ಹತ್ತಿರದ ಒಬ್ಬ ನೆಂಟರದ್ದೂ ಬರೆಸಿ, ಯಾರ್ಯಾರು ಬಂದು ಮಗೂನ ಕರ್ಕೊಂಡು ಹೋಗ್ಬಹುದು ಅಂತ ಫೋಟೋ ಸಮೇತ ಕೊಡಿ.

ಬೋಗಾದಿ ಅಮ್ಮ:
ಸರ್ ಇದನ್ನ ನಮ್ಮನೆಯೋರಿಗೆ ಓದಿಸ್ತೀನಿ. ಇನ್ನೊಂದು ಚಿಂತೆ ಇದೆ, ಹಾಲು. ಐದು ತಿಂಗಳಿಗೆ ಬಿಟ್ಟು ಹೋಗ್ಬೇಕು, ಆರು ತಿಂಗಳವರೆಗೂ ಎದೆಹಾಲೇ ಕೊಡಿ ಅಂತ ಡಾಕ್ಟ್ರು ಹೇಳಿದಾರೆ. ಬಾಟ್ಲಿ ಕೊಟ್ರೆ ನಾಲಿಗೇಲಿ ತಳ್ಳಿಬಿಡುತ್ತೆ.

ಶಿಫ್ಟ್ ನರ್ಸ್:
ಇದನ್ನ ನಾನು ಹೇಳ್ತೀನಿ, ಇದು ನಮ್ ವಾರ್ಡಲ್ಲಿ ದಿನಾ ಹೇಳ್ಕೊಡೋದೇ. ಬಾಟ್ಲಿ ಬೇಡವೇ ಬೇಡ, ಒಳಲೆ ಇದೆಯಲ್ಲ ಮನೇಲಿ, ನಾಮಕರಣಕ್ಕೆ ಯಾರಾದ್ರೂ ಬೆಳ್ಳೀದು ಕೊಟ್ಟಿರ್ತಾರೆ, ಇಲ್ಲಾ ಸಣ್ಣ ಸ್ಟೀಲ್ ಲೋಟ. ಮಗೂನ ಅರ್ಧ ಕೂರಿಸ್ದಂಗೆ ಎತ್ಕೊಂಡು, ಒಳಲೆ ಮೂತಿ ಕೆಳತುಟಿ ಮೇಲೆ ಇಟ್ಟು ಸ್ವಲ್ಪ ಬಗ್ಗಿಸಿ, ಹಾಲು ತುಟಿಗೆ ತಾಕಿದ್ರೆ ಸಾಕು ಅದೇ ನಾಲಿಗೆ ಚಾಚಿ ನೆಕ್ಕೊಳುತ್ತೆ, ಬಾಯೊಳಗೆ ಸುರೀಬೇಡಿ. ಕುದಿಸಿ ತೊಳೆಯೋದು ಸುಲಭ, ಸಂದಿ ಇಲ್ಲ. ಆದ್ರೆ ನಿಮ್ ಕೈಲಿ ಕೊಟ್ರೆ ಕುಡಿಯಲ್ಲ, ನಿಮ್ ವಾಸನೆ ಬಂದ್ರೆ ಅದಕ್ಕೆ ನೀವೇ ಬೇಕು, ಹಾಗಾಗಿ ಈಗಿಂದ ದಿನಕ್ಕೊಂದು ಸಲ ನಿಮ್ ಯಜಮಾನ್ರು ಕುಡಿಸ್ಲಿ, ನೀವು ಬೇರೆ ರೂಮಲ್ಲಿರಿ.

ಹಿಂಡಿದ ಹಾಲು ಹೊರಗೆ 25 ಡಿಗ್ರಿವರೆಗಿನ ತಣ್ಣಗಿರೋ ರೂಮಲ್ಲಿ 4 ಗಂಟೆ, ಫ್ರಿಜ್ಜಲ್ಲಿ 4 ದಿನ. ಏಪ್ರಿಲ್ ಮೇ ಬಿಸಿಲಲ್ಲಿ ಹೊರಗೆ ಇಡೋದೇ ಬೇಡ. ಫ್ರೀಜರಿಂದ ತೆಗೆದು ಫ್ರಿಜ್ಜಲ್ಲಿ ಕರಗಿಸಿದ್ದನ್ನ 24 ಗಂಟೆಯೊಳಗೆ ಮುಗಿಸ್ಬೇಕು, ಮತ್ತೆ ಗಟ್ಟಿ ಮಾಡೋ ಹಾಗಿಲ್ಲ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಮೈಕ್ರೋವೇವಲ್ಲಿ ಬೇಡ. ಕುಡಿದು ಉಳಿದಿದ್ದು 2 ಗಂಟೆ ಆದ್ಮೇಲೆ ಚೆಲ್ಲಿ. ಡಬ್ಬಿ ಮೇಲೆ ತಾರೀಕು, ಟೈಮು, ಮಗು ಹೆಸ್ರು ಬರೀರಿ, ಯಾಕಂದ್ರೆ ಅಲ್ಲಿ ಇನ್ನೊಂದು ಕೂಸಿನ ಹಾಲೂ ಅದೇ ಫ್ರಿಜ್ಜಲ್ಲಿರುತ್ತೆ. ಫ್ರಿಜ್ ಕೆಲ್ಸ ಮಾಡುತ್ತಾ, ಕರೆಂಟ್ ಹೋದ್ರೆ ಏನು ಅಂತ ಆಂಟಿನ ಕೇಳಿ. ಜೇನುತುಪ್ಪ ನೆಕ್ಕಿಸೋದು ಒಂದು ವರ್ಷದವರೆಗೂ ಬೇಡ ಅಂತ ಸ್ಪಷ್ಟವಾಗಿ ಹೇಳಿ, ಒಳ್ಳೇದು ಅಂತಾನೇ ನೆಕ್ಕಿಸ್ತಾರೆ ಕೆಲವರು. ಆರು ತಿಂಗಳು ತುಂಬಿದ್ಮೇಲೆ ರಾಗಿ ಸರಿ ಹಿಟ್ಟು ನೀವೇ ಮೊಳಕೆ ಕಟ್ಟಿ ಮಾಡಿಸಿ ಡಬ್ಬೀಲಿ ಕಳಿಸಿ, ಮೊದಲ ಸಲ ಮನೇಲಿ ತಿನ್ನಿಸಿ ನೋಡಿ ಆಮೇಲೆ ಅಲ್ಲಿ.

ಎರಡು ಮಕ್ಕಳ ತಾಯಿ, ವಿಜಯನಗರ:
ಒಗ್ಗಿಸೋದರ ಬಗ್ಗೆ ಸೇರಿಸ್ತೀನಿ. ಐದು ತಿಂಗಳಿಗೆ ಕಳಿಸೋದು ಅಮ್ಮಂಗೆ ಕರುಳು ಕಿತ್ತು ಬರುತ್ತೆ, ಆದ್ರೆ ಮಗೂಗೆ ಅಷ್ಟು ಕಷ್ಟ ಆಗಲ್ಲ, ಯಾರೆತ್ಕೊಂಡ್ರೂ ನಗೋ ವಯಸ್ಸದು. ಎಂಟು ಒಂಬತ್ತು ತಿಂಗಳಿಗೆ ಮುಖದ ಗುರುತು ಗಟ್ಟಿಯಾಗಿ ಅಮ್ಮ ಕಣ್ಮರೆ ಆದ್ರೆ ಸಾಕು ಚೀರೋಕೆ ಶುರು ಮಾಡುತ್ತೆ, ನನ್ ಎರಡನೇದನ್ನ ಆ ವಯಸ್ಸಲ್ಲಿ ಕಳಿಸ್ದಾಗ ಜಾಸ್ತಿ ದಿನ ಹಿಡೀತು. ಮೊದಲು ನೀವೂ ಜೊತೇಲಿ ಒಂದು ಗಂಟೆ ಕೂತು ಬನ್ನಿ, ಆಮೇಲೆ ಬಿಟ್ಟು ಒಂದು ಗಂಟೆ, ಆಮೇಲೆ ಒಂದು ಹೊತ್ತಿನ ಹಾಲು ಅಲ್ಲೇ, ಆಮೇಲೆ ಒಂದು ನಿದ್ದೆ ಅಲ್ಲೇ. ನಿದ್ದೆ ಅಲ್ಲಿ ಆಯ್ತು ಅಂದ್ರೆ ಮುಗೀತು, ಒಗ್ಗಿತು ಅಂತ ತಿಳ್ಕೊಳಿ. ನಿಮ್ ಹಳೇ ಕಾಟನ್ ಸೀರೆ ತುಂಡು ಒಂದು ಕೊಟ್ಟಿರಿ, ಅದರ ಮೇಲೆ ಎತ್ಕೊಂಡು ತಟ್ಲಿ. ಹೋಗ್ತೀನಿ ಅಂತ ಹೇಳಿ ಹೋಗಿ, ಕದ್ದು ಹೋಗ್ಬೇಡಿ. ಕೆಲಸಕ್ಕೆ ಸೇರೋದು ಸೋಮವಾರ ಬೇಡ, ಗುರುವಾರ ಸೇರ್ಕೊಳಿ ಸಾಧ್ಯ ಆದ್ರೆ, ಎರಡು ದಿನ ಹೋಗಿ ಶನಿವಾರ ಭಾನುವಾರ ಮಗು ಜೊತೆ.

ಕೊನೇದಾಗಿ ಎರಡನೇ ಆಸರೆ ಒಂದು ಇಟ್ಕೊಳಿ. ನೋಡ್ಕೊಳ್ಳೋರೂ ಮನುಷ್ಯರೇ, ಅವರಿಗೂ ಜ್ವರ ಬರುತ್ತೆ, ಊರಹಬ್ಬ ಮಾರಿಹಬ್ಬ ಇರುತ್ತೆ, ಯುಗಾದಿ ಹೊಸತೊಡಕಿಗೆ ಊರಲ್ಲಿ ಇರಲ್ಲ, ದಸರಾದಲ್ಲಿ ಮನೆ ತುಂಬ ನೆಂಟರು, ನಂಜನಗೂಡಿನೋರಾದ್ರೆ ದೊಡ್ಡ ಜಾತ್ರೆಗೆ ರಜೆ ಕೇಳೇ ಕೇಳ್ತಾರೆ. ವರ್ಷದ ಪಂಚಾಂಗ ಮುಂದಿಟ್ಕೊಂಡು ಯಾವ್ಯಾವ ದಿನ ಇರಲ್ಲ ಅಂತ ಈಗಲೇ ಕೇಳಿ ಗುರುತು ಹಾಕ್ಕೊಳಿ, ಆ ದಿನಕ್ಕೆ ನೀವೋ ಯಜಮಾನ್ರೋ ರಜೆ ಅಂತ ಹಂಚ್ಕೊಳಿ.

ಬೋಗಾದಿ ಅಮ್ಮ:
ಎಲ್ರಿಗೂ ಹೇಳ್ತಿದೀನಿ, ಇವತ್ತು ಹನ್ನೆರಡೂವರೆಗೆ ಹೇಳ್ದೇ ಹೋದೆ. ಆಂಟಿ ಒಂದು ಮಗೂಗೆ ಮೊಸರನ್ನ ತಿನ್ನಿಸ್ತಾ ಇದ್ರು, ಇನ್ನೊಂದು ಕಾಲ್ ಮೇಲೆ ಮಲಗಿತ್ತು, ಸಹಾಯದ ಹುಡುಗಿ ದೊಡ್ಡೋರಿಬ್ಬರ ಕೈ ತೊಳೆಸ್ತಿದ್ಲು. ಟಿವಿ ಆಫ್ ಇತ್ತು. ಗೇಟಿಗೆ ಚಿಲಕ ಇದೆ. ಸಂಪಿಗೆ ಮುಚ್ಚಳ ಇತ್ತು ಬೀಗ ಇರ್ಲಿಲ್ಲ, ಕೇಳ್ದೆ, ಬೇಜಾರ್ ಮಾಡ್ಕೊಳ್ದೆ ಇವತ್ತೇ ಹಾಕಿಸ್ತೀನಿ ಅಂದ್ರು, ಸಂಜೆ ಫೋಟೋ ಕಳಿಸಿದಾರೆ ಬೀಗ ಹಾಕಿರೋದು. ಹಾಳೇಲಿ ಎಲ್ಲಾ ಬರ್ಕೊಂಡು ಇಬ್ರೂ ಸೈನ್ ಮಾಡಿದ್ವಿ. ಅರ್ಧ ಫೀಸು ಎರಡು ತಿಂಗಳು, ಕೊನೇ ಎರಡು ವಾರ ಒಗ್ಗಿಸೋಕೆ ಬಿಡ್ತಾರೆ, ಕೊಟ್ಟ ದುಡ್ಡಲ್ಲಿ ಒಂದು ತಿಂಗಳದ್ದು ಮೊದಲ ಫೀಸಿಗೆ ಸೇರುತ್ತೆ. ಎಚ್ಆರ್‌ಗೆ ನರ್ಸಿಂಗ್ ಬ್ರೇಕ್ ಕ್ರಷ್ ಎರಡೂ ಕೇಳಿ ಮೇಲ್ ಹಾಕ್ದೆ. ಅತ್ತೆಗೂ ಫೋನ್ ಮಾಡಿ ಕೇಳ್ದೆ, ಬುಧವಾರ ಬುಧವಾರ ಬರ್ತೀನಿ ಅಂದ್ರು. ಒಂದೇ ಪ್ರಶ್ನೆ ಉಳಿದಿದೆ, ಆಫೀಸಲ್ಲಿ ಹಾಲು ಹಿಂಡೋಕೆ ರೂಮು ಇಲ್ಲ, ಏನ್ ಮಾಡ್ಲಿ?

ಎಚ್ಆರ್‌ನಲ್ಲೇ ಇರೋನು, ಹೂಟಗಳ್ಳಿ:
ದೊಡ್ಡ ಕಾರ್ಖಾನೆ ಕಡೆ ಫಸ್ಟ್ ಏಡ್ ರೂಮ್ ಇರುತ್ತಲ್ಲ, ನಿಮ್ಮಲ್ಲಿ ಇದ್ರೆ ಆ ಎರಡು ಬ್ರೇಕ್ ಟೈಮಿಗೆ ಅದರ ಬೀಗದ ಕೈ ಬೇಕು ಅಂತ ಅದೇ ಮೇಲ್‌ನಲ್ಲಿ ಸೇರಿಸಿ. ಕೊಡ್ತಾರೆ.

ಶಿಫ್ಟ್ ನರ್ಸ್:
ಬಾತ್‌ರೂಮಲ್ಲಿ ಮಾತ್ರ ಹಿಂಡ್ಬೇಡಿ. ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬಿ, ಐಸ್ ಪ್ಯಾಕ್ ಇರೋ ಸಣ್ಣ ಬ್ಯಾಗು ತಗೊಳಿ, ಐಸ್ ಕರಗದೇ ಇದ್ರೆ ಸಂಜೆ ಮನೆ ಸೇರೋವರೆಗೂ ಇರುತ್ತೆ, ಬಂದ ತಕ್ಷಣ ಫ್ರಿಜ್ಜಿಗೆ ಇಟ್ರೆ ಮಾರನೇ ದಿನಕ್ಕೆ ಆಂಟಿಗೆ ಕೊಡೋಕಾಗುತ್ತೆ. ಈ ವಾರಾನೇ ದಿನಕ್ಕೊಂದು ಸಲ ಹಿಂಡಿ ಅಭ್ಯಾಸ ಮಾಡ್ಕೊಳಿ.